ಹಳೆಯ ಕಾರು ಚಾಲೂ ಆಗಲು ತಡವೇಕೆ?

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಹಳೆಯ ವಾಡೆಗಳಲ್ಲಿ, ಶಹಾಬಾದ ಹಾಗೂ ವಾಡಿಯ ವ್ಯಾಪಾರಸ್ಥರ ಮನೆಗಳಲ್ಲಿ, ಕೆಲವು ಮಠಗಳ ಅಂಗಳದಲ್ಲಿ ಇಂದಿಗೂ ಒಂದು ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರು ತಾಡಪತ್ರಿ ಹೊದ್ದು ನಿಂತಿರುವುದುಂಟು. ಮನೆಯ ಹಿರಿಯರು ತೊಗರಿಯ ಒಳ್ಳೆಯ ಸುಗ್ಗಿಯ ವರ್ಷದಲ್ಲಿ ಕೊಂಡದ್ದು. ಮಕ್ಕಳ ಮದುವೆಗೆ ಶೃಂಗಾರಗೊಂಡದ್ದು. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ ಇಡೀ ಮನೆಯನ್ನೇ ಹೊತ್ತು ತಂದದ್ದು. ಇಂತಹ ವಾಹನವನ್ನು ಇಂದು ಮನೆಯ ಕಿರಿಯರು ಗುಜರಿಯವನಿಗೆ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ಕಾರಣ ಕೇಳಿದರೆ ಹೆಚ್ಚಿನ ಕಡೆಗಳಲ್ಲಿ ದೊರೆಯುವ ಉತ್ತರ ಒಂದೇ: “ಅದು ಚಾಲೂ ಆಗುವುದಿಲ್ಲ, ಆದರೂ ಅರ್ಧ ತಾಸು ಬೇಕು, ಎಷ್ಟು ಬ್ಯಾಟರಿ ಹಾಕಿದರೂ ಅಷ್ಟೆ.”

ಈ ಉತ್ತರವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಇಂಜಿನ್ ಸವೆದು ಹೋದ ಕಾರುಗಳು ಇರಬಹುದು, ತಳಭಾಗ ತುಕ್ಕು ತಿಂದ ಕಾರುಗಳೂ ಇರಬಹುದು. ಆದರೆ ಚಾಲೂ ಆಗಲು ತಡಮಾಡುವ ಹಳೆಯ ಕಾರುಗಳಲ್ಲಿ ಬಹುಪಾಲು ದೋಷವು ಒಂದು ತಂತಿಯಲ್ಲಿ, ಒಂದು ಬೋಲ್ಟಿನಲ್ಲಿ, ಒಂದು ಸಂಧಿಯಲ್ಲಿ ಅಡಗಿರುತ್ತದೆ. ಅದನ್ನು ಹುಡುಕುವ ಕ್ರಮವನ್ನು ಬಲ್ಲವರಿಗೆ ವೆಚ್ಚ ಅಲ್ಪ. ಅರಿಯದವರಿಗೆ ವೆಚ್ಚಕ್ಕೆ ಮಿತಿಯಿಲ್ಲ. ಆ ಕ್ರಮವನ್ನು ನಮ್ಮ ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ಕಾರುಗಳ ಪೂರ್ವಚರಿತ್ರೆ

ಅಂಬಾಸಿಡರ್ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾಲಿಕೆ. ಪಶ್ಚಿಮ ಬಂಗಾಲದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದ ಕೊನೆಯಲ್ಲಿ ಇದರ ತಯಾರಿಕೆಯನ್ನು ಆರಂಭಿಸಿ, 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ನಮ್ಮ ಭಾಗದಲ್ಲಿ ಉಳಿದಿರುವ ಹಳೆಯ ಪೆಟ್ರೋಲ್ ಅಂಬಾಸಿಡರುಗಳಲ್ಲಿ ಹೆಚ್ಚಿನವುಗಳ ಇಂಜಿನ್ 1489 ಸಿಸಿಯದು. ಪ್ರೀಮಿಯರ್ ಪದ್ಮಿನಿಯು ಇಟಲಿಯ ಫಿಯಟ್ 1100 ಕಾರಿನ ಭಾರತೀಯ ರೂಪ. ಇದರ ಇಂಜಿನ್ 1089 ಸಿಸಿಯದು. ಇದನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಕಟ್ಟಿದ ವಾಲಚಂದ್ ಹಿರಾಚಂದ್ ಅವರು ನಮ್ಮ ನೆರೆಯ ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದವರೆಂಬುದು ನಮ್ಮ ಭಾಗದವರು ನೆನೆಯತಕ್ಕ ಸಂಗತಿ. ಮುಂಬಯಿಯ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಹೊಸದಾಗಿ ಬರುವ ಅಂಬಾಸಿಡರ್ ಇಲ್ಲ, ಪದ್ಮಿನಿಯೂ ಇಲ್ಲ. ಇದ್ದುದನ್ನು ಉಳಿಸಿಕೊಂಡರೆ ಉಂಟು.

ಈ ಕಾರುಗಳ ದೊಡ್ಡ ಗುಣವೆಂದರೆ ಅವುಗಳಲ್ಲಿ ಕಾಣದ ಯಂತ್ರವಿಲ್ಲ. ಕಂಪ್ಯೂಟರ್ ಇಲ್ಲ, ಸೆನ್ಸಾರ್ ಇಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿಯಿಂದ ಪ್ಲಗ್ಗಿನವರೆಗೆ ವಿದ್ಯುತ್ತಿನ ಹಾದಿ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಮೊದಲು ರೋಗವನ್ನು ಬೇರ್ಪಡಿಸಬೇಕು

“ಕಾರು ಚಾಲೂ ಆಗುವುದಿಲ್ಲ” ಎಂಬ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ರೋಗಗಳು ಸೇರಿಕೊಂಡಿವೆ. ಚಾವಿ ತಿರುಗಿಸಿದಾಗ ಇಂಜಿನ್ ಸೋತ ಎತ್ತಿನಂತೆ ನಿಧಾನವಾಗಿ, ತಡೆತಡೆದು ತಿರುಗುವುದು ಮೊದಲನೆಯದು. ಇಂಜಿನ್ ಚುರುಕಾಗಿಯೇ ತಿರುಗಿದರೂ ಹೊತ್ತಿಕೊಳ್ಳದಿರುವುದು ಎರಡನೆಯದು. ಮೊದಲನೆಯದು ಬ್ಯಾಟರಿ, ಕೇಬಲ್, ಅರ್ಥಿಂಗ್, ಸೆಲ್ಫ್‌ ಮೋಟಾರುಗಳ ದೋಷ. ಎರಡನೆಯದು ಪಾಯಿಂಟ್, ಕಂಡೆನ್ಸರ್, ಪ್ಲಗ್ ಅಥವಾ ಪೆಟ್ರೋಲಿನ ದೋಷ. ಈ ಭೇದವನ್ನು ಮಾಡದೆ ಕಾರ್ಬ್ಯುರೇಟರ್ ಬಿಚ್ಚುವವರೂ ಇದ್ದಾರೆ, ಬ್ಯಾಟರಿ ಬದಲಿಸುವವರೂ ಇದ್ದಾರೆ. ಆದುದರಿಂದ ಮೊದಲು ಕಿವಿಗೊಟ್ಟು ಕೇಳಬೇಕು.

ಇವೆರಡಕ್ಕೂ ಒಂದು ನಂಟಿದೆ. ಸೆಲ್ಫ್‌ ಮೋಟಾರು ವಿದ್ಯುತ್ತನ್ನೆಲ್ಲ ಎಳೆದುಕೊಂಡಾಗ ಕಾಯಿಲಿಗೆ ದೊರೆಯುವ ವೋಲ್ಟೇಜ್ ಕುಸಿಯುತ್ತದೆ, ಕಿಡಿ ಸಪ್ಪಗಾಗುತ್ತದೆ. ನಿಧಾನವಾಗಿ ತಿರುಗುವ ಇಂಜಿನ್ ಹೊತ್ತಿಕೊಳ್ಳುವುದಕ್ಕೂ ತಡಮಾಡುವುದು ಇದರಿಂದಲೇ. ಆದಕಾರಣ ಎರಡೂ ದೋಷ ಕಂಡಲ್ಲಿ ಮೊದಲನೆಯದನ್ನೇ ಮೊದಲು ಪರಿಹರಿಸತಕ್ಕದ್ದು.

ಸಂಧಿಯಲ್ಲಿ ಕಳೆದುಹೋಗುವ ಶಕ್ತಿ

ರೈತರಾದ ನಮ್ಮ ಬಂಧುಗಳಿಗೆ ಈ ವಿಷಯ ಸುಲಭವಾಗಿ ತಿಳಿಯುವಂತಹುದು. ಬಾವಿಯಲ್ಲಿ ನೀರು ತುಂಬಿದೆ, ಪಂಪ್‌ಸೆಟ್ಟೂ ಚೆನ್ನಾಗಿದೆ, ಆದರೆ ಪೈಪಿನ ಒಂದು ಜೋಡಣೆಯಲ್ಲಿ ಕಸ ಕಟ್ಟಿದೆ ಎನ್ನೋಣ. ಹನಿಹನಿಯಾಗಿ ನೀರು ಬೇಕಾದಾಗ ಕೊರತೆ ಕಾಣದು. ಹೊಲಕ್ಕೆ ಹಾಯಿಸಹೊರಟಾಗ ಮಾತ್ರ ನೀರು ಸಾಲದಾಗುತ್ತದೆ. ಕಾರಿನ ವಿದ್ಯುತ್ತಿನ ವಿಷಯವೂ ಹೀಗೆಯೇ.

ಲೆಕ್ಕ ಮಾಡಿ ನೋಡೋಣ. ಸೆಲ್ಫ್‌ ಮೋಟಾರು ಇಂಜಿನನ್ನು ತಿರುಗಿಸುವಾಗ 150 ಆಂಪಿಯರ್ ವಿದ್ಯುತ್ತು ಹರಿಯುತ್ತದೆ ಎಂದಿಟ್ಟುಕೊಳ್ಳಿ. ದಾರಿಯ ಒಂದು ಸಂಧಿಯಲ್ಲಿ ತುಕ್ಕಿನಿಂದ 0.01 ಓಮ್, ಅಂದರೆ ಓಮಿನ ನೂರನೆಯ ಒಂದು ಪಾಲಿನಷ್ಟು ತಡೆ ಉಂಟಾಗಿದೆ. 150ನ್ನು 0.01ರಿಂದ ಗುಣಿಸಿದರೆ 1.5 ವೋಲ್ಟ್. ಹನ್ನೆರಡು ವೋಲ್ಟಿನ ಕಾರಿನಲ್ಲಿ ಒಂದೂವರೆ ವೋಲ್ಟ್ ಒಂದೇ ಬೋಲ್ಟಿನಲ್ಲಿ ಶಾಖವಾಗಿ ವ್ಯರ್ಥವಾಯಿತು. ಅದೇ ಸಂಧಿಯ ಮೂಲಕ ಎಂಟು ಆಂಪಿಯರ್ ಎಳೆಯುವ ಹೆಡ್‌ಲೈಟಿಗೆ ವಿದ್ಯುತ್ತು ಹರಿದರೆ ಕಳೆದುಹೋಗುವುದು 0.08 ವೋಲ್ಟ್ ಮಾತ್ರ. ದೀಪ ಥಳಥಳ ಉರಿಯುತ್ತದೆ. “ದೀಪ ಚೆನ್ನಾಗಿ ಉರಿಯುತ್ತಿದೆ, ಆದ್ದರಿಂದ ತಂತಿಗಳೆಲ್ಲ ಸರಿಯಾಗಿವೆ” ಎಂಬ ತೀರ್ಮಾನ ಏಕೆ ತಪ್ಪೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದೀಪವನ್ನು ಬೇರೊಂದು ರೀತಿಯಲ್ಲಿ ಪರೀಕ್ಷೆಗೆ ಬಳಸಬಹುದು. ರಾತ್ರಿಯ ವೇಳೆ ಹೆಡ್‌ಲೈಟ್ ಹಾಕಿ ಚಾವಿ ತಿರುಗಿಸಿರಿ. ದೀಪ ತೀರ ಮಂಕಾಗಿ ಇಂಜಿನೂ ನಿಧಾನವಾದರೆ ಬ್ಯಾಟರಿ ಸೋತಿದೆ, ಇಲ್ಲವೆ ಬ್ಯಾಟರಿಯ ಟರ್ಮಿನಲ್ ಕೆಟ್ಟಿದೆ, ಇಲ್ಲವೆ ಸೆಲ್ಫ್‌ ಮೋಟಾರು ಸಿಕ್ಕಿಕೊಂಡು ಅತಿಯಾಗಿ ಎಳೆಯುತ್ತಿದೆ. ದೀಪ ಬಹುಮಟ್ಟಿಗೆ ಹಾಗೆಯೇ ಉರಿಯುತ್ತ ಇಂಜಿನ್ ಮಾತ್ರ ನಿಧಾನವಾಗಿ ತಿರುಗಿದರೆ, ತಡೆಯಿರುವುದು ಸೆಲ್ಫ್‌ ಮೋಟಾರಿಗೆ ಹೋಗುವ ಅಥವಾ ಅಲ್ಲಿಂದ ಮರಳುವ ದಾರಿಯಲ್ಲಿ.

ಬ್ಯಾಟರಿಯ ಪರೀಕ್ಷೆ

ಸಾಧಾರಣ ಬೆಲೆಯ ಒಂದು ಮಲ್ಟಿಮೀಟರ್ ಹಳೆಯ ಕಾರಿರುವ ಪ್ರತಿಯೊಂದು ಮನೆಯಲ್ಲಿ ಇರಬೇಕಾದ ಉಪಕರಣ. ಕಾರು ರಾತ್ರಿಯೆಲ್ಲ ನಿಂತ ಬಳಿಕ ಬೆಳಿಗ್ಗೆ ಬ್ಯಾಟರಿಯ ಎರಡು ಸೀಸದ ಗೂಟಗಳ ಮೇಲೆ ಮೀಟರಿನ ಕಡ್ಡಿಗಳನ್ನಿಟ್ಟು ನೋಡಬೇಕು. 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿದರೆ ಬ್ಯಾಟರಿ ತುಂಬಿದೆ. 12.2ರ ಸುಮಾರಿಗೆ ಇದ್ದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಹೋಗುವುದು ನಿರರ್ಥಕ.

ಎರಡನೆಯ ಪರೀಕ್ಷೆ ಭಾರದ ಪರೀಕ್ಷೆ. ಇಂಜಿನ್ ಹೊತ್ತಿಕೊಳ್ಳದಂತೆ ಕಾಯಿಲಿಗೆ ಚಾವಿಯ ಕಡೆಯಿಂದ ಬರುವ ಸಣ್ಣ ತಂತಿಯನ್ನು ಕಳಚಿ, ಅದರ ತುದಿ ಲೋಹಕ್ಕೆ ತಾಗದಂತಿರಿಸಿ, ಮತ್ತೊಬ್ಬರಿಂದ ಹತ್ತು ಸೆಕೆಂಡಿನವರೆಗೆ ಸೆಲ್ಫ್‌ ಹೊಡೆಸಬೇಕು. ಆಗ ಗೂಟಗಳ ಮೇಲಿನ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು. ತುಂಬಿದ ಬ್ಯಾಟರಿಯೂ ಎಂಟಕ್ಕೆ ಕುಸಿದರೆ ಅದರ ಆಯುಷ್ಯ ಮುಗಿದಿದೆ, ಇಲ್ಲವೆ ಸೆಲ್ಫ್‌ ಮೋಟಾರು ಮಿತಿಮೀರಿ ಎಳೆಯುತ್ತಿದೆ. ಬೇರೊಂದು ಒಳ್ಳೆಯ ಬ್ಯಾಟರಿ ಜೋಡಿಸಿ ನೋಡಿದರೆ ಇವೆರಡರಲ್ಲಿ ಯಾವುದೆಂಬುದು ತಿಳಿಯುತ್ತದೆ.

ನಮ್ಮ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಹೊಸತೇನಲ್ಲ. ಆ ದಿನಗಳಲ್ಲಿ ಬ್ಯಾಟರಿಯ ನೀರು ಬೇಗ ಆವಿಯಾಗುತ್ತದೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ, ತಗಡುಗಳು ಮುಳುಗುವಂತೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಕೊಳವೆಬಾವಿಯ ನೀರು ಸರ್ವಥಾ ಕೂಡದು. ಸುಣ್ಣದಕಲ್ಲಿನ ನೆಲದಿಂದ ಬರುವ ನಮ್ಮ ನೀರಿನಲ್ಲಿ ಲವಣಾಂಶ ಅಧಿಕ.

ಬ್ಯಾಟರಿಯನ್ನು ನೆಲದ ಮೇಲಿಟ್ಟರೆ ಅದರ ಶಕ್ತಿ ಇಳಿದುಹೋಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಯ ಬ್ಯಾಟರಿಗಳ ಮಟ್ಟಿಗೆ ಇದು ನಿಜವಲ್ಲ. ಆದರೂ ಶಹಾಬಾದಿ ಕಲ್ಲಿನ ಹಾಸಿನ ಮೇಲೆ ಅದನ್ನಿಡದಿರುವುದು ಲೇಸು. ಏಕೆಂದರೆ ನಷ್ಟ ಬ್ಯಾಟರಿಗಲ್ಲ, ಕಲ್ಲಿಗೆ. ಸುಣ್ಣದಕಲ್ಲಿನ ಮೇಲೆ ಗಂಧಕಾಮ್ಲದ ಹನಿ ಬಿದ್ದರೆ ನೊರೆಯೆದ್ದು ಹೊಳಪು ಹಾಳಾಗಿ ಬಿಳಿಯ ಕಲೆ ನಿಲ್ಲುತ್ತದೆ. ಶಕ್ತಿ ನಿಜವಾಗಿ ಸೋರುವುದು ಬ್ಯಾಟರಿಯ ತಲೆಯ ಮೇಲೆ. ವಾಡಿ, ಶಹಾಬಾದ, ಸೇಡಂ, ಮಳಖೇಡಗಳ ಸಿಮೆಂಟಿನ ನಾಡಿನಲ್ಲಿ ಧೂಳಿಗೆ ಕೊರತೆಯಿಲ್ಲ. ಆ ಧೂಳು ಆಮ್ಲದ ತೇವದೊಡನೆ ಕಲೆತು ಎರಡು ಗೂಟಗಳ ನಡುವೆ ವಿದ್ಯುತ್ತು ಹರಿಯಲು ತೆಳುವಾದ ದಾರಿಯನ್ನು ಮಾಡಿಕೊಡುತ್ತದೆ. ಅಡುಗೆ ಸೋಡಾ ಕಲಸಿದ ನೀರಿನಿಂದ, ಮುಚ್ಚಳಗಳೊಳಗೆ ಇಳಿಯದಂತೆ ಎಚ್ಚರ ವಹಿಸಿ, ಒರೆಸಿ ಒಣಗಿಸಿದರೆ ಸಾಕು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಬೀಡಿ, ಕಡ್ಡಿ, ದೀಪ ಯಾವುದೂ ಹತ್ತಿರ ಇರಬಾರದು. ಕೈಗಡಿಯಾರ, ಉಂಗುರಗಳನ್ನು ತೆಗೆದಿಡಬೇಕು. ಕೊರಳಲ್ಲಿ ಬೆಳ್ಳಿಯ ಕರಡಿಗೆ ಧರಿಸಿದವರು ಬಾಗಿ ಕೆಲಸ ಮಾಡುವಾಗ ಅದು ಜೋಲಾಡದಂತೆ ಅಂಗಿಯೊಳಗೆ ಭದ್ರಪಡಿಸಿಕೊಳ್ಳುವುದು ಅತ್ಯವಶ್ಯ. ಬೆಳ್ಳಿ ವಿದ್ಯುತ್ತಿನ ಅತ್ಯುತ್ತಮ ವಾಹಕ. ಕರಡಿಗೆಯಾಗಲಿ ಅದರ ಸರಪಳಿಯಾಗಲಿ ಎರಡು ಗೂಟಗಳಿಗೆ ಒಮ್ಮೆಗೇ ತಾಗಿದರೆ ಕ್ಷಣಾರ್ಧದಲ್ಲಿ ಕಾದು ಮೈ ಸುಡುತ್ತದೆ. ಬ್ಯಾಟರಿ ಕಳಚುವಾಗ ಅರ್ಥಿನ ಕೇಬಲನ್ನು ಮೊದಲು ತೆಗೆಯಬೇಕು, ಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು.

ಮರಳುವ ದಾರಿಯ ಮಹತ್ವ

ವಿದ್ಯುತ್ತು ಬ್ಯಾಟರಿಯಿಂದ ಹೊರಟರೆ ಸಾಲದು, ಬ್ಯಾಟರಿಗೆ ಮರಳಬೇಕು. ಕಾರಿನಲ್ಲಿ ಮರಳುವ ದಾರಿಯೆಂದರೆ ಇಂಜಿನ್ನಿನ ಮೈ ಮತ್ತು ಕಾರಿನ ಬಾಡಿ. ಆದರೆ ಇಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ರಬ್ಬರಿನ ಮೂಲಕ ವಿದ್ಯುತ್ತು ಹರಿಯದು. ಆದುದರಿಂದಲೇ ಇಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿಯನ್ನು ಬಿಗಿದಿರುತ್ತಾರೆ. ಎಣ್ಣೆ, ಕೆಸರು, ಧೂಳುಗಳಲ್ಲಿ ಮುಚ್ಚಿಹೋಗಿರುವ ಈ ಪಟ್ಟಿಯ ಕಡೆಗೆ ಯಾರ ಲಕ್ಷ್ಯವೂ ಇರುವುದಿಲ್ಲ.

ನಾವು ಬಲ್ಲ ಚಿಂಚೋಳಿ ತಾಲೂಕಿನ ಒಂದು ಮನೆತನದ ಅಂಬಾಸಿಡರಿನ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಮೂರು ವರ್ಷಗಳಲ್ಲಿ ಮೂರು ಬ್ಯಾಟರಿಗಳನ್ನು ಹಾಕಿಸಿದರು. ಸೆಲ್ಫ್‌ ಮೋಟಾರನ್ನು ಎರಡು ಸಲ ವೈಂಡಿಂಗ್ ಮಾಡಿಸಿದರು. ಹೊಸ ಬ್ಯಾಟರಿ ಹಾಕಿದ ಕೆಲವು ದಿನ ಹೇಗೋ ನಡೆಯುತ್ತಿತ್ತು, ಮತ್ತೆ ಅದೇ ಗೋಳು. ಒಂದು ರಾತ್ರಿ ಮನೆಯ ಸೊಸೆಗೆ ಹೆರಿಗೆಯ ನೋವು ಕಾಣಿಸಿಕೊಂಡಾಗ ಕಾರು ಏಳಲಿಲ್ಲ. ಚಿಂಚೋಳಿಯಿಂದ ಕಲಬುರಗಿಗೆ ಸುಮಾರು 80 ಕಿಲೋಮೀಟರ್. ನೆರೆಮನೆಯವರು ಎದ್ದುಬಂದು ತಮ್ಮ ಜೀಪಿನಲ್ಲಿ ಕರೆದೊಯ್ದರು. ತಾಯಿ ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದರು. ಆದರೆ ಅಂದೇ ಮನೆಯವರು ಕಾರನ್ನು ತೂಕಕ್ಕೆ ಮಾರುವ ನಿರ್ಧಾರ ಮಾಡಿದರು. ಆಪತ್ತಿಗೆ ಆಗದ್ದು ಮನೆಯಲ್ಲೇಕೆ ಎಂಬ ಅವರ ಮಾತನ್ನು ತಪ್ಪೆನ್ನಲಾಗದು.

ಮಾರುವ ಮುನ್ನ ವಾಡಿಯ ಕಡೆಯ ಒಬ್ಬ ವಯೋವೃದ್ಧ ಎಲೆಕ್ಟ್ರಿಷಿಯನ್ ಆ ಮನೆಗೆ ಬೇರೊಂದು ಕೆಲಸಕ್ಕೆ ಬಂದಿದ್ದರು. ಅವರು ಮೀಟರ್ ಹಿಡಿಯಲಿಲ್ಲ. ಮನೆಯ ಮಗನಿಗೆ ನಾಲ್ಕು ಸಲ ಸೆಲ್ಫ್‌ ಹೊಡೆಯಲು ಹೇಳಿ, ಚೋಕ್ ಎಳೆಯುವ ಕೇಬಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅದು ಬಿಸಿಯಾಗಿತ್ತು. “ಸಾಹುಕಾರ್ರೇ, ನಿಮ್ಮ ಕರೆಂಟು ಹೆದ್ದಾರಿ ಬಿಟ್ಟು ಕಾಲುದಾರಿಯಲ್ಲಿ ಹೋಗಲಿಕ್ಕೆ ಹತ್ಯದ” ಎಂದರಂತೆ. ಕೆಲವು ವರ್ಷಗಳ ಹಿಂದೆ ಕಾರಿಗೆ ಬಣ್ಣ ಹೊಡೆಸಿದಾಗ ಅರ್ಥಿನ ಪಟ್ಟಿಯನ್ನು ಕಳಚಿ, ಬಳಿಕ ಹೊಸ ಬಣ್ಣದ ಮೇಲೆಯೇ ಬಿಗಿದಿದ್ದರು. ಬಣ್ಣವು ವಿದ್ಯುತ್ತನ್ನು ತಡೆದುದರಿಂದ ಇಂಜಿನ್ನಿನಿಂದ ಮರಳಬೇಕಾದ ವಿದ್ಯುತ್ತು ಚೋಕ್, ಎಕ್ಸಲೇಟರ್ ತಂತಿಗಳಂತಹ ಸಣ್ಣ ಹಾದಿಗಳನ್ನು ಹುಡುಕಿಕೊಂಡಿತ್ತು. ಆ ಹಿರಿಯರು ಬೋಲ್ಟಿನ ಸುತ್ತ ಬಣ್ಣವನ್ನು ಕೆರೆದು, ಲೋಹ ಹೊಳೆಯುವಂತೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದರು. ಕಾರು ಒಂದೇ ಸಲಕ್ಕೆ ಎದ್ದಿತು. ಪಟ್ಟಿಯ ಬೆಲೆ ಒಂದು ಬ್ಯಾಟರಿಯ ಬೆಲೆಯ ಇಪ್ಪತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಕಾರು ಇಂದಿಗೂ ಆ ಮನೆಯಲ್ಲಿದೆ.

ಅನುಭವವಿಲ್ಲದ ನಮ್ಮಂಥವರು ಮೀಟರಿನಿಂದ ಇದನ್ನೇ ಕಂಡುಕೊಳ್ಳಬಹುದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥಿನ ಗೂಟದ ಮೇಲೆ, ಇನ್ನೊಂದನ್ನು ಇಂಜಿನ್ನಿನ ಶುಭ್ರ ಲೋಹದ ಮೇಲೆ ಇರಿಸಿ ಸೆಲ್ಫ್‌ ಹೊಡೆಸಿರಿ. 0.3 ವೋಲ್ಟಿಗಿಂತ ಹೆಚ್ಚು ತೋರಿದರೆ ಮರಳುವ ದಾರಿಯಲ್ಲಿ ದೋಷವಿದೆ. ಅದೇ ರೀತಿ ಬ್ಯಾಟರಿಯ ಇನ್ನೊಂದು ಗೂಟ ಮತ್ತು ಸೆಲ್ಫ್‌ ಮೋಟಾರಿನ ದಪ್ಪ ಬೋಲ್ಟಿನ ನಡುವೆ ನೋಡಿರಿ. ಇಲ್ಲಿ ಅರ್ಧ ವೋಲ್ಟಿನೊಳಗೆ ಇರಬೇಕು. ಹೆಚ್ಚಿದ್ದರೆ ಗೂಟದಿಂದ ಕ್ಲ್ಯಾಂಪ್, ಕ್ಲ್ಯಾಂಪಿನಿಂದ ಸೊಲೆನಾಯ್ಡ್, ಸೊಲೆನಾಯ್ಡಿನ ಎರಡು ಬೋಲ್ಟುಗಳ ನಡುವೆ, ಹೀಗೆ ಒಂದೊಂದೇ ಮೆಟ್ಟಿಲು ಅಳೆಯುತ್ತ ಹೋದರೆ ವೋಲ್ಟ್ ಎಲ್ಲಿ ಕಳೆಯುತ್ತಿದೆಯೋ ಆ ಸ್ಥಳ ತಾನಾಗಿ ಸಿಕ್ಕಿಬೀಳುತ್ತದೆ.

ಇವೆಲ್ಲ ಸರಿಯಾಗಿದ್ದರೆ ಮಾತ್ರ ಸೆಲ್ಫ್‌ ಮೋಟಾರನ್ನು ಬಿಚ್ಚಿಸಬೇಕು. ಸವೆದ ಕಾರ್ಬನ್ ಬ್ರಶ್ಶು, ಸಡಿಲಾದ ಬುಶ್ಶು, ಕಪ್ಪಾದ ಕಮ್ಯುಟೇಟರ್ ಇವು ಅದರ ಸಾಮಾನ್ಯ ದೋಷಗಳು. ತಣ್ಣಗಿದ್ದಾಗ ಚೆನ್ನಾಗಿ ತಿರುಗಿ, ದೂರ ಪ್ರಯಾಣ ಮಾಡಿ ನಿಲ್ಲಿಸಿದ ಮೇಲೆ ತಿರುಗದ ಕಾರುಗಳಿವೆ. ತಾಮ್ರದ ತಡೆಯು ಶಾಖಕ್ಕೆ ಹೆಚ್ಚುತ್ತದೆ. 50 ಡಿಗ್ರಿ ಶಾಖ ಏರಿದರೆ ಸುಮಾರು ಐದರಲ್ಲಿ ಒಂದು ಪಾಲು ತಡೆ ಹೆಚ್ಚಾಗುತ್ತದೆ. ಮೊದಲೇ ಅಂಚಿನಲ್ಲಿದ್ದ ಸಂಧಿಯೋ ಬುಶ್ಶೋ ಆಗ ಕೈಕೊಡುತ್ತದೆ.

ಗಳಿಕೆ ಮತ್ತು ಸೋರಿಕೆ

ಗಳಿಕೆಯಿಲ್ಲದ ಮನೆಯಲ್ಲಿ ಕಣಜ ತುಂಬದು. ಹಳೆಯ ಅಂಬಾಸಿಡರುಗಳಲ್ಲಿ ಬ್ಯಾಟರಿಯನ್ನು ತುಂಬುವುದು ಡೈನಮೋ, ನಂತರದವುಗಳಲ್ಲಿ ಆಲ್ಟರ್ನೇಟರ್. ಡೈನಮೋದ ಸಾಮರ್ಥ್ಯ ಮಿತವಾದುದು. ಆ ಕಾಲದ ಒಂದು ಸಾಮಾನ್ಯ ಲೂಕಾಸ್ ಡೈನಮೋ ಕೊಡುತ್ತಿದ್ದುದು 22 ಆಂಪಿಯರ್, ಅದೂ ಇಂಜಿನ್ ವೇಗವಾಗಿ ತಿರುಗಿದಾಗ. ಇಂಜಿನ್ ನಿಧಾನಗತಿಯಲ್ಲಿದ್ದಾಗ ಅದು ಏನನ್ನೂ ಕೊಡದೆಂದರೂ ಸಲ್ಲುತ್ತದೆ. ಇಂತಹ ಕಾರಿಗೆ ದೊಡ್ಡ ಹಾರ್ನು, ಹೆಚ್ಚಿನ ದೀಪ, ಸಂಗೀತದ ಪೆಟ್ಟಿಗೆಗಳನ್ನು ಜೋಡಿಸಿ ಮದುವೆಯ ಮೆರವಣಿಗೆಯಲ್ಲಿ ಎರಡು ತಾಸು ನಡಿಗೆಯ ವೇಗದಲ್ಲಿ ಓಡಿಸಿದರೆ, ಮರುದಿನ ಅದು ಏಳದಿದ್ದರೆ ಆಶ್ಚರ್ಯವೇನು?

ಇಂಜಿನ್ ಸಾಧಾರಣ ವೇಗದಲ್ಲಿ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟಿನವರೆಗೆ ತೋರಬೇಕು. ಕಡಿಮೆಯಿದ್ದರೆ ಮೊದಲು ಫ್ಯಾನ್ ಬೆಲ್ಟಿನ ಬಿಗಿ ನೋಡಿರಿ. ಆಮೇಲೆ ಡೈನಮೋದ ಬ್ರಶ್ಶು, ಆಮೇಲೆ ಕಟೌಟ್. 15ಕ್ಕಿಂತ ಹೆಚ್ಚಿದ್ದರೆ ಬ್ಯಾಟರಿಯ ನೀರು ಕುದಿದು ಬತ್ತುತ್ತದೆ. ಇಲ್ಲಿ ಕಟೌಟ್ ಅಥವಾ ರೆಗ್ಯುಲೇಟರನ್ನು ಸರಿಪಡಿಸಬೇಕು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕೇಬಲನ್ನು ಕಳಚಿ “ಪರೀಕ್ಷೆ” ಮಾಡುವ ರೂಢಿ ಕೆಲವೆಡೆ ಇದೆ. ಅದರಿಂದ ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗಬಹುದು.

ಇನ್ನು ಸೋರಿಕೆ. ಡಿಕ್ಕಿಯೊಳಗಿನ 5 ವ್ಯಾಟಿನ ಒಂದು ಸಣ್ಣ ದೀಪ ಆರದೆ ಉಳಿದರೆ ಗಂಟೆಗೆ ಸುಮಾರು 0.4 ಆಂಪಿಯರ್-ಅವರ್ ಖರ್ಚು. 60 ಆಂಪಿಯರ್-ಅವರ್ ಬ್ಯಾಟರಿ ಆರು ದಿನಗಳಲ್ಲಿ ಬರಿದಾಗುತ್ತದೆ. “ವಾರ ನಿಲ್ಲಿಸಿದರೆ ಕಾರು ಏಳುವುದಿಲ್ಲ” ಎಂಬ ದೂರಿನ ಹಿಂದೆ ಇಂತಹ ಕಳ್ಳನೊಬ್ಬನಿರುತ್ತಾನೆ. ಎಲ್ಲವನ್ನೂ ಆರಿಸಿ, ಚಾವಿ ತೆಗೆದು, ಅರ್ಥಿನ ಕೇಬಲ್ ಕಳಚಿ, ಗೂಟಕ್ಕೂ ಕೇಬಲಿಗೂ ನಡುವೆ ಆಂಪಿಯರ್ ತೋರುವ ಮೀಟರ್ ಜೋಡಿಸಿದರೆ ಕಳ್ಳನ ಹೆಜ್ಜೆ ಕಾಣುತ್ತದೆ. ಮೀಟರ್ ಜೋಡಿಸಿರುವಾಗ ಮಾತ್ರ ಸೆಲ್ಫ್‌ ಹೊಡೆಯಬಾರದು, ಮೀಟರ್ ಸುಟ್ಟುಹೋಗುತ್ತದೆ. 0.05 ಆಂಪಿಯರಿಗಿಂತ ಹೆಚ್ಚು ತೋರಿದರೆ ಫ್ಯೂಜುಗಳನ್ನು ಒಂದೊಂದಾಗಿ ಕಳಚುತ್ತ ಹೋಗಿರಿ. ಯಾವುದನ್ನು ತೆಗೆದಾಗ ಮೀಟರ್ ಇಳಿಯುತ್ತದೆಯೋ ಆ ಸಾಲಿನಲ್ಲಿ ದೋಷವಿದೆ. ಹಳೆಯ ಕಾರುಗಳಲ್ಲಿ ಅನೇಕ ತಂತಿಗಳಿಗೆ ಫ್ಯೂಜೇ ಇಲ್ಲವಾದ್ದರಿಂದ, ಇಳಿಯದಿದ್ದರೆ ಡೈನಮೋ ಮತ್ತು ನಂತರ ಸೇರಿಸಿದ ತಂತಿಗಳನ್ನು ಬೇರ್ಪಡಿಸಿ ನೋಡಬೇಕು.

ವಾಡೆಯಲ್ಲಿ ನಿಂತ ಕಾರಿಗೆ ಇಲಿಗಳ ಕಾಟ ಬೇರೆ. ಕಾಳಿನ ಚೀಲಗಳ ಬಳಿ ಕಾರು ನಿಲ್ಲಿಸಿದಲ್ಲಿ ತಂತಿಯ ಹೊದಿಕೆ ಉಳಿಯುವುದು ಕಷ್ಟ. ಹೊದಿಕೆ ಹೋದ ತಂತಿ ಬಾಡಿಗೆ ತಾಗಿದರೆ ಕಾರು ಏಳದಿರುವುದಷ್ಟೇ ಅಲ್ಲ, ಹೊತ್ತಿ ಉರಿಯಲೂಬಹುದು. ಸುಟ್ಟ ಫ್ಯೂಜಿನ ಬದಲು ದಪ್ಪ ತಂತಿ ಸುತ್ತುವವರು ಮನೆಗೇ ಬೆಂಕಿಯನ್ನು ಆಹ್ವಾನಿಸಿದಂತೆ. ಬಹುಕಾಲ ನಿಲ್ಲುವ ಕಾರಿಗೆ ಬ್ಯಾಟರಿಯ ಬಳಿ ಒಂದು ಕಟ್‌ಆಫ್ ಸ್ವಿಚ್ ಹಾಕಿಸುವುದರಿಂದ ಸೋರಿಕೆ ಮತ್ತು ಬೆಂಕಿ ಎರಡರ ಭಯವೂ ತಪ್ಪುತ್ತದೆ.

ತಿರುಗಿದರೂ ಹೊತ್ತದ ಇಂಜಿನ್

ಇನ್ನು ಎರಡನೆಯ ರೋಗ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಮುಖ ಕಪ್ಪಾಗಿದ್ದರೆ ಶುದ್ಧಗೊಳಿಸಿ, ಲೂಕಾಸ್ ಮಾದರಿಯಲ್ಲಿ ಅಂತರವನ್ನು 0.35ರಿಂದ 0.40 ಮಿಲಿಮೀಟರಿಗೆ ಇರಿಸಬೇಕು. ಅಂಬಾಸಿಡರಿನ ಪ್ಲಗ್ಗುಗಳ ಅಂತರ ಸುಮಾರು 0.6 ಮಿಲಿಮೀಟರ್. ಪಾಯಿಂಟಿನಲ್ಲಿ ಕಿಡಿ ಹೆಚ್ಚಾಗಿ ಹಾರುತ್ತ ಪ್ಲಗ್ಗಿನಲ್ಲಿ ಕಿಡಿ ಸಪ್ಪಗಿದ್ದರೆ ಕಂಡೆನ್ಸರಿನ ಮೇಲೆ ಸಂಶಯ ಪಡಬೇಕು. ಮಹಾನವಮಿಯಂದು ಪೂಜೆಗೆಂದು ಬಾನೆಟ್ ಎತ್ತಿ ನೀರು ಹೊಯ್ದು ತೊಳೆದ ಕಾರು ಮರುಕ್ಷಣ ಏಳದಿರುವುದನ್ನು ಎಲ್ಲರೂ ಕಂಡಿದ್ದೇವೆ; ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಸೇರಿರುವುದೇ ಕಾರಣ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಡೀಸೆಲ್ ಅಂಬಾಸಿಡರಿನಲ್ಲಿ ಪ್ಲಗ್ಗಿನ ಕಿಡಿಯಿಲ್ಲ. ಅಲ್ಲಿ ಹೀಟರ್ ಪ್ಲಗ್ಗುಗಳು ಕಾಯುತ್ತಿವೆಯೇ ಎಂಬುದನ್ನು ನೋಡಬೇಕು.

ಪೆಟ್ರೋಲಿನ ವಿಷಯದಲ್ಲಿ ಕಾಲ ಬದಲಾಗಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ವೇಳೆಗೆ ಅದು ದೇಶವ್ಯಾಪಿಯಾಯಿತು. ಎಥನಾಲ್ ಹಳೆಯ ಮಾದರಿಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಕಾರಿನ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮುಗಳನ್ನು ಎಥನಾಲನ್ನು ತಾಳುವ ಹೊಸ ಬಗೆಯವುಗಳಿಂದ ಬದಲಿಸುವುದು ಒಳ್ಳೆಯದು. ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟಾಕಿಯಲ್ಲಿ ಹಳೆಯ ಪೆಟ್ರೋಲ್ ಉಳಿಸಬಾರದು. ಎರಡು ವಾರ ನಿಂತ ಕಾರಿನಲ್ಲಿ ಕಾರ್ಬ್ಯುರೇಟರಿನ ಬಟ್ಟಲು ಒಣಗಿರುತ್ತದೆ. ಪಂಪಿಗೆ ಕೈಯಿಂದ ಒತ್ತುವ ಸನ್ನೆಯಿದ್ದರೆ ಹತ್ತಾರು ಸಲ ಒತ್ತಿ ಬಟ್ಟಲು ತುಂಬಿಸಿ, ಬಳಿಕ ಸೆಲ್ಫ್‌ ಹೊಡೆದರೆ ಬ್ಯಾಟರಿಯ ಶ್ರಮ ಉಳಿಯುತ್ತದೆ.

ಮತ್ತೊಂದು ವಾಹನದ ಬ್ಯಾಟರಿಯಿಂದ ಚಾಲೂ ಮಾಡುವ ಮುನ್ನ ಒಂದು ವಿಷಯ ನೆನಪಿರಲಿ. ಬ್ರಿಟಿಷ್ ಮೂಲದ ಹಳೆಯ ಕೆಲವು ಕಾರುಗಳಲ್ಲಿ ಪಾಸಿಟಿವ್ ಗೂಟವನ್ನು ಬಾಡಿಗೆ ಜೋಡಿಸಿರುತ್ತಾರೆ. ಇಂದಿನ ವಾಹನಗಳಲ್ಲಿ ನೆಗೆಟಿವ್. ನೋಡದೆ ಜೋಡಿಸಿದರೆ ಎರಡು ವಾಹನಗಳಿಗೂ ಹಾನಿ.

ಕಾಗದಪತ್ರಗಳ ಮಾತು

ಕಾರು ಓಡಿದರಷ್ಟೇ ಸಾಲದು, ಅದರ ನೋಂದಣಿಯೂ ಜೀವಂತವಿರಬೇಕು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳಿಗೆ. ಅನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಲಾಯಿತು. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ 2021ರ ಜುಲೈ ತಿಂಗಳ ಕೇಂದ್ರ ನಿಯಮದಂತೆ ‘ವಿಂಟೇಜ್’ ನೋಂದಣಿಯ ಅವಕಾಶವಿದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಇಂತಹ ನೋಂದಣಿಯ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಬಲ್ಲವರ ಕೈ

ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಿಗೂ, ಬಿದಿರಿನ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನವರಿಗೂ ಸಮಾನ ಪೀಠವಿದ್ದಿತು. ಕೈಕೆಲಸದ ಅರಿವನ್ನು ಗ್ರಂಥದ ಅರಿವಿಗಿಂತ ಕಡಿಮೆಯೆಂದು ಶರಣರು ಎಣಿಸಲಿಲ್ಲ. ಚೋಕ್ ಕೇಬಲಿನ ಬಿಸಿಯಿಂದ ದೋಷವನ್ನರಿತ ಆ ವಾಡಿಯ ಹಿರಿಯರಂಥವರು ನಮ್ಮ ಐದೂ ಊರುಗಳ ಗ್ಯಾರೇಜುಗಳಲ್ಲಿ ಇನ್ನೂ ಕೆಲವರಿದ್ದಾರೆ. ಡೈನಮೋದ ಬ್ರಶ್ಶು ಕೂಡಿಸಬಲ್ಲ, ಕಿವಿಯಿಂದಲೇ ಪಾಯಿಂಟಿನ ಅಂತರ ಹೇಳಬಲ್ಲ ಅವರ ವಯಸ್ಸು ಎಪ್ಪತ್ತರ ಮೇಲಾಗಿದೆ. ಅವರ ಮಕ್ಕಳು ಕಂಪ್ಯೂಟರ್ ಜೋಡಿಸಿ ಹೊಸ ಕಾರುಗಳ ದೋಷ ಓದುತ್ತಾರೆ, ಅದು ಕಾಲಧರ್ಮ. ಆದರೆ ಹಿರಿಯರ ವಿದ್ಯೆ ಅವರೊಡನೆ ಮಣ್ಣಾಗಬೇಕಿಲ್ಲ. ಹಳೆಯ ಕಾರಿರುವ ಮನೆಯ ಯುವಕರು ಅವರನ್ನು ಮನೆಗೆ ಕರೆದು, ಗೌರವದಿಂದ ಕೂಡಿಸಿ, ಪ್ರಸಾದ ಮಾಡಿಸಿ, ಅವರ ಕೈಕೆಳಗೆ ಒಂದೆರಡು ದಿನ ಕೆಲಸ ಮಾಡಿದರೆ ಸಾಕಷ್ಟು ಕಲಿಯಬಹುದು. ಕಲಿತುದನ್ನು ಒಂದು ವಹಿಯಲ್ಲಿ ಬರೆದಿಡಲಿ: ಬ್ಯಾಟರಿ ಹಾಕಿದ ದಿನಾಂಕ, ಬೆಳಗಿನ ವೋಲ್ಟ್, ಸೆಲ್ಫ್‌ ಹೊಡೆದಾಗಿನ ವೋಲ್ಟ್, ಯಾವ ಬೋಲ್ಟನ್ನು ಯಾವಾಗ ಉಜ್ಜಿದ್ದು. ಎರಡು ವರ್ಷದ ಇಂತಹ ವಹಿ ಮನೆಯಲ್ಲಿದ್ದರೆ, ಬೇಕಿಲ್ಲದ ಬ್ಯಾಟರಿಯನ್ನು ಕೊಳ್ಳಿರೆಂದು ಯಾರೂ ಹೇಳಲಾರರು.

ಕೊನೆಯದಾಗಿ ಒಂದು ಸಣ್ಣ ನೇಮ. ವಾರಕ್ಕೊಮ್ಮೆ, ಸೋಮವಾರ ಪೂಜೆ ಮುಗಿದ ಬಳಿಕ ಎಂದಿಟ್ಟುಕೊಂಡರೆ ಮರೆಯುವುದಿಲ್ಲ, ಕಾರನ್ನು ಚಾಲೂ ಮಾಡಿ ಊರ ಹೊರಗೆ ಇಪ್ಪತ್ತು-ಮೂವತ್ತು ನಿಮಿಷ ಓಡಿಸಿ ತನ್ನಿರಿ. ನಿಂತಲ್ಲೇ ಐದು ನಿಮಿಷ ಇಂಜಿನ್ ಓಡಿಸುವುದರಿಂದ, ಸೆಲ್ಫ್‌ ಎಳೆದುಕೊಂಡ ಶಕ್ತಿಯೂ ಬ್ಯಾಟರಿಗೆ ಮರಳದು. ಮುಂದಿನ ಸೋಮವಾರ ಚಾವಿ ತಿರುಗಿಸುವಾಗ ಇಂಜಿನ್ನಿನ ಸದ್ದು ಹಿಂದಿನ ವಾರಕ್ಕಿಂತ ತುಸು ನಿಧಾನವೆನಿಸಿದರೆ, ಅಂದೇ ಬಾನೆಟ್ ಎತ್ತಿ ಅರ್ಥಿನ ಬೋಲ್ಟಿನಿಂದ ಆರಂಭಿಸಿರಿ.